ಮಿತಿ ಮುಗಿದ ಮೇಲಿನ ಇಂಟರ್‌ನೆಟ್‌ಗೂ ಒಂದು ಮರ್ಯಾದೆ ಬೇಕು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಸಂಜೆಯಾದರೆ ಮನೆಮನೆಯಲ್ಲೂ ಕೇಳುವ ಮಾತು: ‘ಡಾಟಾ ಖಾಲಿ ಆತ್ರಿ’. ಕೇಬಲ್ ಮುಟ್ಟದ ಹಳ್ಳಿಗಳಲ್ಲಿ ಅಪ್ಪನ ಫೋನೇ ಇಡೀ ಮನೆಯ ಇಂಟರ್‌ನೆಟ್. ಅದರ ಹಾಟ್‌ಸ್ಪಾಟ್ ಹಿಡಿದು ಮಗಳು ಸಿಇಟಿ ಪಾಠ ನೋಡಬೇಕು, ಮಗ ಕ್ರಿಕೆಟ್ ನೋಡಬೇಕು, ಅಪ್ಪ ಪಹಣಿ ತೆಗೆಯಬೇಕು. ಇಷ್ಟಕ್ಕೂ ಸಾಮಾನ್ಯವಾಗಿ ಸಿಗುವುದು ದಿನಕ್ಕೆ ಒಂದೂವರೆ ಜಿಬಿ, ಇಲ್ಲವೇ ಎರಡು. ಉಳಿದರೆ ಮಧ್ಯರಾತ್ರಿ ಹನ್ನೆರಡಕ್ಕೆ ಮಾಯ. ಮುಗಿದರೆ ವೇಗ 64 ಕೆಬಿಪಿಎಸ್.

ತೊಂಬತ್ತರ ದಶಕದ ಕೊನೆಯಲ್ಲಿ ಕಿರ್ರೋ ಎಂದು ಕೂಗುತ್ತ ಫೋನ್ ಲೈನಿಗೆ ಹತ್ತುತ್ತಿದ್ದ ಮೋಡೆಮ್‌ನ ವೇಗ 56 ಕೆಬಿಪಿಎಸ್ ಇತ್ತು. ಅಲ್ಲಿಂದ ಎಂಟೇ ಹೆಜ್ಜೆ ಮುಂದೆ! ರಾಮದುರ್ಗದ ನೇಕಾರ ಹೊಸ ಸೀರೆಯ ಅಂಚಿನ ಫೋಟೊ ತೆಗೆದು ಹುಬ್ಬಳ್ಳಿಯ ವ್ಯಾಪಾರಿಗೆ ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. ಮೂರು ಎಂಬಿ ಫೋಟೊ ಒಂದಕ್ಕೆ ಆರು ನಿಮಿಷದ ಮೇಲೆ ಬೇಕು. ಹತ್ತು ಸೀರೆ ತೋರಿಸಬೇಕೆಂದರೆ ಒಂದು ತಾಸು, ಅದೂ ನಡುವೆ ಕಡಿಯದಿದ್ದರೆ. ಒಂದು ಜಿಬಿಯ ಪಾಠ ಇಳಿಸಲು ಸುಮಾರು 35 ತಾಸು. ಇದನ್ನು ಇಂಟರ್‌ನೆಟ್ ಎಂದು ಕರೆಯಲು ಕಂಪನಿಗಳಿಗೆ ನಾಲಿಗೆ ಹೇಗೆ ಬರುತ್ತದೋ.

ಊರೊಳಗೆ ಫೈಬರ್ ಹಾಕಿಸಿಕೊಂಡವರ ಕಥೆ ಇಷ್ಟು ಕೆಟ್ಟದಿಲ್ಲ. 2019ರಲ್ಲಿ ಜಿಯೋಫೈಬರ್ ಬಂದಾಗ ಆರಂಭದ ಯೋಜನೆಯ ಮಿತಿ 100 ಜಿಬಿ. ಮರುವರ್ಷ ‘ಅನ್‌ಲಿಮಿಟೆಡ್’ ಎಂಬ ಹಲಗೆ ಹತ್ತಿತು, ಆದರೆ ಸಣ್ಣಕ್ಷರದಲ್ಲಿ 3300 ಜಿಬಿಯ ಗೆರೆ ಉಳಿದೇ ಇತ್ತು. ಸಾಮಾನ್ಯ ಸಂಸಾರಕ್ಕೆ ಇಷ್ಟು ಧಾರಾಳ ಸಾಕು, ಒಪ್ಪೋಣ. ಕಷ್ಟ ಇರುವುದು ತಂತಿ ಬಾರದ ಕಡೆ ಮಾಳಿಗೆಯ ಮೇಲೆ ಕೂರಿಸುವ ಏರ್‌ಫೈಬರ್ ಡಬ್ಬಿಯಲ್ಲಿ. ಅದರ ರೂಢಿಯ ಮಿತಿ ತಿಂಗಳಿಗೆ 1000 ಜಿಬಿ. ಕೂಡು ಕುಟುಂಬ, ದೊಡ್ಡ ಟಿವಿ, ಸಿಸಿಟಿವಿ ಕ್ಯಾಮೆರಾ, ಜೊತೆಗೆ ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುವ ಮಗ ಇದ್ದರೆ ಗೆರೆ ದೂರವೇನಿಲ್ಲ. ನಗರದವನಿಗೆ ಮೂರು ಪಟ್ಟು, ಹೊಲದಾಚೆಯವನಿಗೆ ಒಂದು ಪಾಲು. 18 ಪರ್ಸೆಂಟ್ ಜಿಎಸ್‌ಟಿ ಮಾತ್ರ ಇಬ್ಬರಿಗೂ ಒಂದೇ.

ಕಂಪನಿಗಳ ಸಮರ್ಥನೆ ಗೊತ್ತಿರುವುದೇ: ಒಬ್ಬನೇ ಎಲ್ಲ ಹೀರಿದರೆ ಪಕ್ಕದ ಮನೆಯವನಿಗೆ ಸಿಗುವುದಿಲ್ಲ, ಅದಕ್ಕೇ ‘ನ್ಯಾಯಯುತ ಬಳಕೆ’ ನೀತಿ. ಟವರ್‌ನ ತರಂಗ ಹಂಚಿಕೊಳ್ಳುವಂಥದ್ದು, ಅದಕ್ಕೆ ಅಳತೆ ಇದೆ ಎಂಬುದು ಸುಳ್ಳಲ್ಲ. ಆದರೆ ದಟ್ಟಣೆಯಾಗುವುದು ರಾತ್ರಿ ಎಂಟರಿಂದ ಹತ್ತರವರೆಗೆ. ಲೆಕ್ಕ ಹಾಕುವುದು ತಿಂಗಳಿಗೆ. ಇಪ್ಪತ್ತೆರಡನೇ ತಾರೀಕಿಗೆ ಮಿತಿ ದಾಟಿದವನು ಬೆಳಗಿನ ಜಾವ ಮೂರಕ್ಕೆ, ಟವರ್ ಸುಮ್ಮನೆ ನಿಂತಿರುವಾಗಲೂ ಇಳಿಸಿದ ವೇಗದಲ್ಲೇ ತೆವಳಬೇಕು. ಇದರಿಂದ ಯಾವ ಪಕ್ಕದ ಮನೆಯವನಿಗೆ ಲಾಭ? ದಟ್ಟಣೆಯೇ ಕಾರಣವಾದರೆ ಆ ಎರಡು ತಾಸು ಮಾತ್ರ ವೇಗ ಇಳಿಸಿ, ಯಾರೂ ಜಗಳಕ್ಕೆ ಬರುವುದಿಲ್ಲ. ಹಾಗೆ ಮಾಡಿದರೆ ಟಾಪ್‌ಅಪ್ ಪ್ಯಾಕ್ ಕೊಳ್ಳುವವರು ಯಾರು ಎಂಬುದೇ ಅವರ ನಿಜವಾದ ಚಿಂತೆ.

ಸರ್ಕಾರದ ಬಳಿ ಮದ್ದು ಇದೆ, ಕೊಡುತ್ತಿಲ್ಲ. ಮನೆಯ ಸ್ಥಿರ ಬ್ರಾಡ್‌ಬ್ಯಾಂಡ್ ವೇಗ ಮಿತಿ ದಾಟಿದ ಮೇಲೂ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರಲ್ಲೇ ಹೇಳಿತ್ತು. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಬೇಕೆಂದು ವ್ಯಾಖ್ಯೆಯನ್ನೇ ಬದಲಿಸಿತು. ಹಾಗಿದ್ದ ಮೇಲೆ ಮಿತಿಯ ನಂತರದ ವೇಗಕ್ಕೂ ಅದೇ ನೆಲಗಟ್ಟು ಯಾಕಿಲ್ಲ? ತಂತಿಯಿರಲಿ, ಡಬ್ಬಿಯಿರಲಿ, ಮನೆಗೆ ಬ್ರಾಡ್‌ಬ್ಯಾಂಡ್ ಎಂದು ಮಾರಿದ್ದು 2 ಎಂಬಿಪಿಎಸ್ ಕೆಳಗೆ ಇಳಿಯಕೂಡದು. ಮೊಬೈಲ್‌ನಲ್ಲಿ ದಿನದ ಡಾಟಾ ಉಳಿದರೆ ಮರುದಿನಕ್ಕೆ ಸೇರಬೇಕು. ಬೇರೇನೂ ಕೇಳುತ್ತಿಲ್ಲ. ಬೆಳಗಾವಿಯ ಸಂಸದರು ಇದನ್ನು ದಿಲ್ಲಿಯಲ್ಲಿ ಕೇಳಲಿ. ಕಿತ್ತೂರು ಉತ್ಸವದ ವೇದಿಕೆಯಲ್ಲಿ ಡಿಜಿಟಲ್ ಭಾರತದ ಭಾಷಣ ಆಮೇಲಾಗಲಿ.

ಅಲ್ಲಿಯವರೆಗೆ ಗ್ರಾಹಕರು ಗೊಣಗಿ ಸುಮ್ಮನಾಗುವುದು ಬೇಡ. ಟೆಲಿಕಾಂ ದೂರುಗಳನ್ನು ಗ್ರಾಹಕರ ಆಯೋಗ ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಮೊದಲು ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ, ಅಲ್ಲಿ ಆಗದಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ.