ಪರದೆಯ ಮೇಲೆ ಒಂದು ಚುಕ್ಕೆ

'ಗ್ರಾಫಿಕ್ಸ್ ಕಾರ್ಡಿಗೆ ನೇರವಾಗಿ ಪ್ರೋಗ್ರಾಮ್ ಬರೆಯೋದು ನಮ್ಮಂಥವರ ಕೆಲಸ ಅಲ್ಲ' ಎಂಬ ಮಾತನ್ನು ನಮ್ಮ ಸೆಕೆಂಡ್ ಪಿಯು ತರಗತಿಯಲ್ಲಿ ಬಹಳ ಸಲ ಕೇಳಿದ್ದೇನೆ. ಹೇಳುವವರಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆಯುವವರೂ ಇದ್ದಾರೆ. ಕೆಲಸ ಕಷ್ಟ, ಒಪ್ಪುತ್ತೇನೆ. ಆದರೆ ಆ ಕಷ್ಟದಲ್ಲಿ ಒಂದು ಪಾಲು ಯಂತ್ರದ್ದು, ಇನ್ನೊಂದು ಪಾಲು ಬೀಗ ಹಾಕಿಟ್ಟ ಮಾಹಿತಿಯದ್ದು. ನಮ್ಮ ಬುದ್ಧಿಯನ್ನು ದೂರುವ ಮೊದಲು ಇವೆರಡನ್ನು ಬೇರೆ ಮಾಡಿ ನೋಡಬೇಕು.

ನಮ್ಮ ಲ್ಯಾಬಿನ ಗಣಕಗಳಲ್ಲಿ ಡಾಸ್‌ಬಾಕ್ಸ್ ಒಳಗೆ ಟರ್ಬೊ ಸಿ++ ಇನ್ನೂ ಇದೆ. ಅದು ತೋರಿಸುವುದು ಐಬಿಎಂ 1987ರಲ್ಲಿ ತಂದ ವಿಜಿಎ ಕಾಲದ ಯಂತ್ರವನ್ನು. ಹೆಕ್ಸಾಡೆಸಿಮಲ್ 13 ಎಂಬ ಮೋಡ್‌ಗೆ ಹೋದರೆ ಪರದೆ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆ, ಒಟ್ಟು 64,000. ಒಂದು ಚುಕ್ಕೆಗೆ ಒಂದು ಬೈಟ್. ಮೆಮೊರಿಯಲ್ಲಿ ಎ000 ಸೆಗ್ಮೆಂಟಿನಿಂದ ಎಲ್ಲವೂ ಸಾಲಾಗಿ ಕುಳಿತಿರುತ್ತವೆ. 50ನೇ ಸಾಲಿನ 100ನೇ ಚುಕ್ಕೆ ಬೇಕೆಂದರೆ 50ನ್ನು 320ರಿಂದ ಗುಣಿಸಿ 100 ಕೂಡಿಸಿ: 16,100. ಅಲ್ಲಿ ಒಂದು ಸಂಖ್ಯೆ ಬರೆದರೆ ಬಣ್ಣ ಮೂಡುತ್ತದೆ. ಡ್ರೈವರ್ ಬೇಡ, ಲೈಬ್ರರಿ ಬೇಡ. (ಅದೇ ಕಾರ್ಡಿನ 640×480, 16 ಬಣ್ಣಗಳ ಮೋಡ್ ಇಷ್ಟು ಸಾಧು ಅಲ್ಲ. ಅಲ್ಲಿ ಒಂದು ಚುಕ್ಕೆಯ ನಾಲ್ಕು ಬಿಟ್‌ಗಳು ನಾಲ್ಕು ಬೇರೆ ಪದರಗಳಲ್ಲಿ ಇರುತ್ತವೆ. ಹಳೆಯದೆಲ್ಲ ಸುಲಭವಿತ್ತು ಎಂದು ಯಾರೂ ತಿಳಿಯಬಾರದು.)

ಇಂದಿನ ಕಾರ್ಡಿನ ಪೂರ್ತಿ ಶಕ್ತಿ ಹಾಗೆ ಚುಕ್ಕೆಗಳನ್ನು ನೇರ ಬರೆದರೆ ಸಿಗದು. ಅದೇ ಒಂದು ಬೇರೆ ಗಣಕ. ಅದಕ್ಕೆ ಸ್ವಂತ ಮೆಮೊರಿ, ಸ್ವಂತ ವಿಳಾಸ ಪಟ್ಟಿ, ತಲೆಮಾರಿನಿಂದ ತಲೆಮಾರಿಗೆ ಬದಲಾಗುವ ಸ್ವಂತ ಆದೇಶಗಳು. ಡ್ರೈವರ್ ಆದೇಶಗಳನ್ನು ಮೆಮೊರಿಯಲ್ಲಿ ಸರತಿಯಾಗಿ ಇಟ್ಟು, ಕಾರ್ಡಿನ ಒಂದು ರಿಜಿಸ್ಟರಿಗೆ ಬರೆದು ಸೂಚನೆ ಕೊಡುತ್ತದೆ. ಕಾರ್ಡು ತನ್ನ ಸಮಯಕ್ಕೆ ಎತ್ತಿಕೊಳ್ಳುತ್ತದೆ. ಒಂದು ಬಿಟ್ ತಪ್ಪಿದರೆ ಪರದೆ ಹಾಗೇ ನಿಂತುಬಿಡಬಹುದು, ಏಕೆಂದು ಹೇಳುವವರಿಲ್ಲ. ಇದು ಯಂತ್ರದ ಕಷ್ಟ. ಕಲಿತರೆ ಬರುತ್ತದೆ.

ಬೀಗದ ಕಷ್ಟ ಬೇರೆ. ಎಎಂಡಿ 2007ರಲ್ಲಿ ತನ್ನ ಕಾರ್ಡುಗಳ ದಾಖಲೆಗಳನ್ನು ಹೊರಗೆ ಕೊಡಲು ಶುರು ಮಾಡಿತು. ಎನ್‌ವಿಡಿಯಾ ಕಾರ್ಡುಗಳಿಗೆ ಮುಕ್ತ ಡ್ರೈವರ್ ಬರೆದ 'ನೂವೋ' ತಂಡದವರು ಹೆಚ್ಚಿನದನ್ನು ಕಂಪನಿಯ ಡ್ರೈವರ್ ಕಾರ್ಡಿಗೆ ಏನು ಬರೆಯುತ್ತದೆ ಎಂದು ಗಮನಿಸಿ ಊಹಿಸಿಯೇ ಕಂಡುಕೊಂಡರು. 2014ರ ಜಿಟಿಎಕ್ಸ್ 900 ಸರಣಿಯಿಂದ ಕಂಪನಿ ಸಹಿ ಹಾಕಿದ ಫರ್ಮ್‌ವೇರ್ ಇಲ್ಲದೆ ಆ ಕಾರ್ಡುಗಳನ್ನು ಪೂರ್ತಿ ವೇಗದಲ್ಲಿ ಓಡಿಸಲು ಅವರಿಗೆ ಆಗಲಿಲ್ಲ. ಇದರಲ್ಲಿ ಅವರ ಜಾಣ್ಮೆಯ ಕೊರತೆ ಏನಿದೆ? 2022ರ ಮೇನಲ್ಲಿ ಎನ್‌ವಿಡಿಯಾ ತನ್ನ ಲಿನಕ್ಸ್ ಕರ್ನಲ್ ಭಾಗದ ಕೋಡ್ ತೆರೆಯಿತು. ಫರ್ಮ್‌ವೇರ್ ಮುಚ್ಚಿಯೇ ಉಳಿಯಿತು.

ನಮಗೇಕೆ ಇದೆಲ್ಲ ಎನ್ನಬೇಡಿ. ಹೊರಮಾವಿನಿಂದ ರಿಂಗ್ ರೋಡ್ ಹಿಡಿದರೆ ಒಂದು ಕಡೆ ಮಾನ್ಯತಾ ಟೆಕ್ ಪಾರ್ಕ್, ಇನ್ನೊಂದು ಕಡೆ ಟಿನ್ ಫ್ಯಾಕ್ಟರಿ ದಾಟಿ ಮಹದೇವಪುರ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಬೆಂಗಳೂರಿನಲ್ಲಿ ಇಂಜಿನಿಯರುಗಳಿದ್ದಾರೆ. ಆ ಕಟ್ಟಡಗಳನ್ನು ದಿನಾ ಬಸ್ಸಿನ ಕಿಟಕಿಯಿಂದ ನೋಡುವ ನಾವು ಹದಿನೇಳನೇ ವಯಸ್ಸಿಗೇ 'ನಮ್ಮಂಥವರು' ಎಂದು ಗೆರೆ ಎಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕಂಪ್ಯೂಟರ್ ಸೈನ್ಸ್ ವಿಭಾಗದ ಮೇಡಂ, ಸರ್ ಅವರಲ್ಲಿ ಒಂದು ಕೋರಿಕೆ. ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮೇಲೆ ಎರಡು ಪಿರಿಯಡ್ ಲ್ಯಾಬ್ ಕೊಡಿ. ಹೊಸ ಕಾರ್ಡು ಬೇಡ, ಖರ್ಚಿಲ್ಲ, ಡಾಸ್‌ಬಾಕ್ಸ್ ಸಾಕು. ಪ್ರತಿಯೊಬ್ಬರೂ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಚುಕ್ಕೆ ಚುಕ್ಕೆಯಾಗಿ ಆ 64,000 ಬೈಟ್‌ಗಳಲ್ಲಿ ಬರೆಯಲಿ. ಟರ್ಬೊ ಸಿ++ ಜೊತೆ ಬರುವ ಫಾಂಟುಗಳಲ್ಲಿ ಎರಡೂ ಇಲ್ಲ.