ಗಾಳಿ-ಮಳೆಗೆ ಕುಸಿದ ಡಿಶ್: ಖರ್ಚು ಯಾರ ಲೆಕ್ಕಕ್ಕೆ?

ಏಪ್ರಿಲ್-ಮೇ ತಿಂಗಳುಗಳಲ್ಲಿ ಬೀಸುವ ಗುಡುಗು ಸಹಿತ ಗಾಳಿ-ಮಳೆಯು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಎಲೆಕ್ಟ್ರಾನಿಕ್ಸ್ ವ್ಯಾಪಾರಿಗಳ ಅಂಗಡಿಗೆ ಒಂದು ವಿವಾದವನ್ನೂ ಹೊತ್ತು ತರುತ್ತದೆ. ಹೂಲಿಯಂತಹ ಊರಿನ ಗ್ರಾಹಕನೊಬ್ಬ ತಿಂಗಳ ಹಿಂದಷ್ಟೇ ಡಿಶ್ ಹಾಕಿಸಿರುತ್ತಾನೆ. ಮೊದಲ ಬಿರುಗಾಳಿಗೇ ಅದು ವಾಲುತ್ತದೆ, ಇಲ್ಲವೇ ಕಂಬಸಮೇತ ಕೆಳಗುರುಳುತ್ತದೆ. “ಹೊಸದಾಗಿ ಕೂಡಿಸಿದ್ದು ನೀವೇ, ಸರಿಪಡಿಸಿಕೊಡಿರಿ” ಎಂಬುದು ಗ್ರಾಹಕನ ವಾದ. “ಗಾಳಿ-ಮಳೆ ನಮ್ಮ ಕೈಯಲ್ಲಿಲ್ಲ, ಬಂದು ಹೋಗುವ ಖರ್ಚು ಕೊಡಿರಿ” ಎಂಬುದು ವ್ಯಾಪಾರಿಯ ಉತ್ತರ. ಮೊತ್ತ ಕೆಲವು ನೂರು ರೂಪಾಯಿಗಳದ್ದು. ಆದರೆ ಅದರೊಡನೆ ಹೋಗುವುದು ಹತ್ತಾರು ವರ್ಷಗಳ ಗಿರಾಕಿಯ ವಿಶ್ವಾಸ.

ಛಾವಣಿಯ ಮೇಲೆ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಗಾಳಿಗೆ ಅದು ತಿರುಗಿದರೆ ಮನೆಯವರಲ್ಲೊಬ್ಬರು ಮೇಲೆ ಹತ್ತಿ ತಿರುಗಿಸುತ್ತಿದ್ದರು, ಇನ್ನೊಬ್ಬರು ಒಳಗಿನಿಂದ “ಬಂತು, ಬಂತು” ಎಂದು ಕೂಗುತ್ತಿದ್ದರು. ಈಗ ಆ ವ್ಯವಸ್ಥೆಯೇ ಉಳಿದಿಲ್ಲ. ದೂರದರ್ಶನವು 2022ರ ಮಾರ್ಚ್ ಹೊತ್ತಿಗೆ ತನ್ನ ಬಹುತೇಕ ಅನಲಾಗ್ ಭೂಪ್ರೇಷಕಗಳನ್ನು ಮುಚ್ಚಿದೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾಗಿ ಇಂದು ಡಿಡಿ ಫ್ರೀ ಡಿಶ್ ಎನಿಸಿರುವ ಸೇವೆಯೂ ಖಾಸಗಿ ಕಂಪನಿಗಳ ಡಿಟಿಎಚ್ ಸೇವೆಗಳೂ ಗ್ರಾಮಾಂತರ ಮನೆಗಳ ಮಾಳಿಗೆಗಳನ್ನು ಏರಿವೆ. ಜನರ ಮಾತಿನ ಈ ‘ಛತ್ರಿ’ಯನ್ನು ಕೈಯಿಂದ ಅಂದಾಜಿನ ಮೇಲೆ ತಿರುಗಿಸಿದರೆ ಚಿತ್ರ ಬರುವುದಿಲ್ಲ. ಸಾಮಾನ್ಯವಾಗಿ ಬಳಸುವ 60 ಸೆಂಟಿಮೀಟರ್ ವ್ಯಾಸದ ಡಿಶ್ ತನ್ನ ಗುರಿಯಿಂದ ಸುಮಾರು ಒಂದೂವರೆ ಡಿಗ್ರಿ ಸರಿದರೂ ಅದು ಹಿಡಿಯುವ ಸಂಕೇತದ ಬಲ ಅರ್ಧಕ್ಕೆ ಇಳಿಯುತ್ತದೆ. ಆದುದರಿಂದ ಪ್ರತಿ ಬಾರಿಯೂ ತಿಳಿದವನೇ ಬರಬೇಕು, ಬಂದವನಿಗೆ ಯಾರಾದರೂ ಕೂಲಿ ಕೊಡಲೇಬೇಕು.

ಕೆಡುಕಿನ ಬಗೆಗಳು

ಹೊಣೆಯನ್ನು ಹಂಚುವ ಮೊದಲು ಕೆಡುಕಿನ ಬಗೆಯನ್ನು ಗುರುತಿಸುವುದು ಅಗತ್ಯ. ‘ಮಳೆಯಿಂದ ಕೆಟ್ಟಿತು’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ.

ಮೊದಲನೆಯದು, ಜೋರಾದ ಮಳೆ ಸುರಿಯುವಾಗ ಚಿತ್ರ ನಿಂತು, ಮಳೆ ಕಡಿಮೆಯಾದೊಡನೆ ತಾನಾಗಿಯೇ ಮರಳುವುದು. ಡಿಟಿಎಚ್ ಸೇವೆಗಳು ಬಳಸುವ ಕೆಯು ಬ್ಯಾಂಡ್ ತರಂಗಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ದಟ್ಟ ಮಳೆಹನಿಗಳು ಅವನ್ನು ಹೀರಿ ಚದುರಿಸುತ್ತವೆ. ಇದು ಯಾರ ದೋಷವೂ ಅಲ್ಲ, ಇದಕ್ಕಾಗಿ ಯಾರೂ ಹಣ ತೆರಬೇಕಾಗಿಲ್ಲ. ಆದರೆ ಮಾರುವಾಗಲೇ ಈ ಮಾತನ್ನು ಗ್ರಾಹಕನಿಗೆ ತಿಳಿಸುವುದು ವ್ಯಾಪಾರಿಯ ಕರ್ತವ್ಯ. ಹೇಳದೆ ಬಿಟ್ಟ ಒಂದು ವಾಕ್ಯವು ಮಳೆಗಾಲದಲ್ಲಿ ಹತ್ತು ದೂರುಗಳಾಗಿ ಹಿಂದಿರುಗುತ್ತದೆ.

ಎರಡನೆಯದು, ಗಾಳಿಗೆ ಡಿಶ್ ತಿರುಗುವುದು ಅಥವಾ ಬೀಳುವುದು. ಮೂರನೆಯದು, ಎಲ್‌ಎನ್‌ಬಿಯೊಳಗೆ ನೀರು ಸೇರುವುದು, ಕನೆಕ್ಟರ್ ತುಕ್ಕು ಹಿಡಿಯುವುದು ಮೊದಲಾದವು. ನಾಲ್ಕನೆಯದು, ಸಿಡಿಲಿನಿಂದ ಪೆಟ್ಟಿಗೆಯೂ ಟಿವಿಯೂ ಸುಟ್ಟುಹೋಗುವುದು. ವಿವಾದದ ತಿರುಳಿರುವುದು ಎರಡನೆಯದರಲ್ಲಿ.

ಈ ನಾಡಿನಲ್ಲಿ ಗಾಳಿ ಅನಿರೀಕ್ಷಿತವೇ?

ಗಾಳಿಯ ಒತ್ತಡವು ಅದರ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಕಟ್ಟಡಗಳ ಮೇಲಿನ ಗಾಳಿಭಾರವನ್ನು ಕುರಿತ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದ ಸೂತ್ರದಂತೆ ಲೆಕ್ಕ ಹಾಕಿದರೆ, ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಯು 60 ಸೆಂಟಿಮೀಟರ್ ಡಿಶ್‌ನ ಮುಖಕ್ಕೆ ನೇರವಾಗಿ ಬಡಿದಾಗ ಬೀಳುವ ಒತ್ತಡ ಸುಮಾರು 5 ಕಿಲೋಗ್ರಾಂ ತೂಕಕ್ಕೆ ಸಮ. ಅದೇ ಗಾಳಿಯ ವೇಗ 120 ಕಿಲೋಮೀಟರ್ ಆದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಸುಮಾರು 19 ಕಿಲೋಗ್ರಾಂ. ಡಿಶ್‌ನ ಆಕಾರದಿಂದಾಗುವ ಹೆಚ್ಚಳ ಇದರಲ್ಲಿ ಸೇರಿಲ್ಲ. ಹಳೆಯ ಮನೆಯ ಮಣ್ಣಿನ ಕುಂಬಿಗೆ ಎರಡು ಸ್ಕ್ರೂ ತಿರುಗಿಸಿ ನಿಲ್ಲಿಸಿದ ಕಂಬ ಈ ಭಾರವನ್ನು ತಾಳಲಾರದು. ಕಾಂಕ್ರೀಟ್ ಸ್ಲ್ಯಾಬಿಗೆ ನಾಲ್ಕು ಆ್ಯಂಕರ್ ಬೋಲ್ಟ್ ಬಿಗಿದ ಕಂಬ ತಾಳಬಲ್ಲದು. ಮನೆ ಅದೇ, ಗಾಳಿ ಅದೇ, ಡಿಶ್ ಅದೇ. ಬೇರೆಯಾಗಿರುವುದು ಕೂಡಿಸಿದ ಕೆಲಸ ಮಾತ್ರ.

‘ದೈವಕೃತ್ಯ’ ಎಂಬ ಸಮರ್ಥನೆಯನ್ನು ಪರಿಶೀಲಿಸಬೇಕಾದುದು ಇಲ್ಲಿಯೇ. ಮುಂದಾಗಿ ಊಹಿಸಲಾಗದ, ಎಚ್ಚರದಿಂದ ತಡೆಯಲಾಗದ ನೈಸರ್ಗಿಕ ಘಟನೆಗೆ ಮಾತ್ರ ಕಾನೂನು ಆ ರಕ್ಷಣೆಯನ್ನು ನೀಡುತ್ತದೆ. ಗುಜರಾತಿನಲ್ಲಿ ಅಣೆಕಟ್ಟಿನಿಂದ ಬಿಟ್ಟ ನೀರು ನುಗ್ಗಿ ಜಮೀನು ಹಾಳಾದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಸರ್ಕಾರದ ಇಂತಹ ವಾದವನ್ನು ಒಪ್ಪಲಿಲ್ಲ. ಸರ್ಕಾರಕ್ಕೇ ಸಿಗದ ಆಶ್ರಯ ಅಂಗಡಿಕಾರನಿಗೆ ಸಿಕ್ಕೀತೆಂದು ನಂಬುವುದು ಹೇಗೆ? ಸವದತ್ತಿಯ ಸುತ್ತಣ ಗುಡ್ಡಗಳ ಮೇಲೆ ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಇಲ್ಲಿ ಗಾಳಿ ಬೀಸುತ್ತದೆಂಬ ಕಾರಣದಿಂದಲೇ. ಅಂತಹ ಸೀಮೆಯಲ್ಲಿ ಡಿಶ್ ಮಾರುವವನು ಗಾಳಿಯನ್ನು ಅನಿರೀಕ್ಷಿತವೆನ್ನಲಾಗದು. ಆದರೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಭಾಗವನ್ನು ಮುಳುಗಿಸಿದಂತಹ ಸಂದರ್ಭವೇ ಬೇರೆ. ಮನೆಗೆ ಮನೆಯೇ ಕುಸಿದಲ್ಲಿ ಡಿಶ್ ಬಿದ್ದುದಕ್ಕೆ ವ್ಯಾಪಾರಿಯನ್ನು ಕೇಳುವುದು ನ್ಯಾಯವಲ್ಲ. ವರ್ಷವೂ ಬರುವುದಕ್ಕೂ ಎಂದೋ ಒಮ್ಮೆ ಬರುವುದಕ್ಕೂ ಇರುವ ಅಂತರವೇ ಇಲ್ಲಿ ಅಳತೆಗೋಲು.

ಕಾನೂನು ಏನೆನ್ನುತ್ತದೆ?

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸ್ಥಾನದಲ್ಲಿ 2019ರ ಹೊಸ ಕಾಯ್ದೆಯು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರ ಕೆಲವು ಅಂಶಗಳನ್ನು ನಮ್ಮ ವ್ಯಾಪಾರಿ ಬಂಧುಗಳು ಮನನ ಮಾಡಿಕೊಳ್ಳಬೇಕು.

ಡಿಶ್ ಸರಕು, ಅದನ್ನು ಕೂಡಿಸುವುದು ಸೇವೆ. ಸರಕಿನ ದೋಷಕ್ಕೂ ಸೇವೆಯ ನ್ಯೂನತೆಗೂ ಗ್ರಾಹಕ ದೂರು ಕೊಡಬಹುದು. ಎಲ್‌ಎನ್‌ಬಿ ಕಾರ್ಖಾನೆಯಿಂದಲೇ ಕೆಟ್ಟು ಬಂದಿದ್ದರೆ ಅಂತಿಮ ಹೊಣೆ ತಯಾರಕನದು. ಕಂಬ ಸಡಿಲವಾಗಿದ್ದರೆ ಕೂಡಿಸಿದವನದು. ಕಂಪನಿಯ ವಾರಂಟಿ ಚೀಟಿಯಲ್ಲಿ ‘ನೈಸರ್ಗಿಕ ವಿಕೋಪಕ್ಕೆ ಅನ್ವಯಿಸದು’ ಎಂದು ಅಚ್ಚಾಗಿದ್ದರೆ ಅದು ಕಂಪನಿಯ ಮಾತು. ಸಡಿಲ ಬೋಲ್ಟನ್ನು ಆ ವಾಕ್ಯ ಬಿಗಿ ಮಾಡುವುದಿಲ್ಲ.

ಬಿದ್ದ ಡಿಶ್ ಪಕ್ಕದ ಮನೆಯ ಹಂಚನ್ನೋ ಕೆಳಗೆ ನಿಂತವರನ್ನೋ ಘಾಸಿಗೊಳಿಸಿದರೆ ಉತ್ಪನ್ನ ಹೊಣೆಗಾರಿಕೆಯ ಪ್ರಶ್ನೆ ಏಳುತ್ತದೆ. ಕಾಯ್ದೆಯ 86ನೇ ಕಲಮಿನಂತೆ, ತಯಾರಕನಲ್ಲದ ಮಾರಾಟಗಾರನೂ ಕೆಲವು ಸಂದರ್ಭಗಳಲ್ಲಿ ಹೊಣೆಗಾರನಾಗುತ್ತಾನೆ. ಉತ್ಪನ್ನವನ್ನು ಜೋಡಿಸುವಾಗ, ಪರೀಕ್ಷಿಸುವಾಗ ತಕ್ಕ ಎಚ್ಚರ ವಹಿಸದಿರುವುದು ಅವುಗಳಲ್ಲೊಂದು. ತಯಾರಕ ಯಾರೆಂಬುದೇ ತಿಳಿಯದಿರುವುದು ಮತ್ತೊಂದು. ಹೆಸರು-ಗುರುತಿಲ್ಲದ ಕಂಬ, ಕ್ಲ್ಯಾಂಪುಗಳನ್ನು ಅಗ್ಗವೆಂದು ತಂದು ಮಾರುವವರು ಈ ಎರಡನೆಯ ಅಂಶವನ್ನು ಎರಡು ಬಾರಿ ಓದುವುದು ಒಳಿತು. ತಯಾರಕ ಸಿಗದಿದ್ದಲ್ಲಿ ಅವನ ಜಾಗದಲ್ಲಿ ನಿಲ್ಲಬೇಕಾದವನು ಅಂಗಡಿಕಾರನೇ. ಕ್ಲ್ಯಾಂಪು ತಯಾರಿಸುವ ನಮ್ಮ ಸಣ್ಣ ಕೈಗಾರಿಕೆಗಳಿಗೂ ಇದರಲ್ಲಿ ಪಾಠವಿದೆ: ಮಾಲಿನ ಮೇಲೆ ಹೆಸರು ಹಾಕುವುದು ಹೊಣೆಯನ್ನು ತಲೆಗೆ ಕಟ್ಟಿಕೊಳ್ಳುವ ಕೆಲಸವೆಂದು ಭಾವಿಸದೆ, ಮಾರಾಟಗಾರನ ವಿಶ್ವಾಸ ಗಳಿಸುವ ಮಾರ್ಗವೆಂದು ತಿಳಿಯಬೇಕು.

ಬಿಲ್ಲು ಕೊಡದಿರುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಎಣಿಸುತ್ತದೆ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ, ದೋಷಯುಕ್ತ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿಗಳವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಕೆಲವು ನೂರು ರೂಪಾಯಿಗಳ ಕೆಲಸವನ್ನು ನಿರಾಕರಿಸಿ ಬೆಳಗಾವಿಗೆ ಹತ್ತು ಸಲ ಅಲೆಯುವುದು ಯಾವ ವ್ಯಾಪಾರಿಗೂ ಲಾಭದ ಬಾಬ್ತಲ್ಲ.

ವ್ಯಾಪಾರಿಯ ಕಷ್ಟವೂ ನಿಜ

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಭಾರವನ್ನೂ ಅಂಗಡಿಯ ಮೇಲೆ ಹೇರಬೇಕೆಂದಲ್ಲ. ಮಾಸಿಕ ಚಂದಾದ ಸೇವೆಯಲ್ಲಿ ಹಿಂದೆ ಕಂಪನಿಯೊಂದು ಇರುತ್ತದೆ. ದೂರು ಸ್ವೀಕರಿಸಿ ಪರಿಹರಿಸುವ ವ್ಯವಸ್ಥೆಯನ್ನು ಟ್ರಾಯ್‌ನ 2017ರ ನಿಯಮಗಳು ಅದರ ಮೇಲೆ ವಿಧಿಸಿವೆ. ಫ್ರೀ ಡಿಶ್‌ಗೆ ಚಂದಾ ಇಲ್ಲ, ಹೀಗಾಗಿ ಮನೆಗೆ ಬಂದು ನೋಡುವ ಕಂಪನಿಯೂ ಇಲ್ಲ. ಗ್ರಾಹಕನಿಗೆ ಕಾಣುವ ಮುಖ ಅಂಗಡಿಕಾರನದೊಂದೇ. ಅವನ ಲಾಭಾಂಶವೋ ಅತ್ಯಲ್ಪ. ಅದಲ್ಲದೆ ಡಿಶ್‌ನ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟುವವರೂ, ಮನೆ ಬಣ್ಣಕ್ಕೆಂದು ತಾವೇ ಬಿಚ್ಚಿ ಮರಳಿ ನಿಲ್ಲಿಸುವವರೂ ಉಂಟು. ಮಂಗಗಳ ಉಪಟಳವಂತೂ ಹೇಳತೀರದು. ಇಂತಹ ಹಾನಿಗೆ ಮಾಲೀಕನೇ ಹೊಣೆ. ಸಿಡಿಲಿನ ಹಾನಿಗೂ ಅಂಗಡಿಕಾರ ಹೊಣೆಯಾಗಲಾರ. ಅದಕ್ಕೆ ಇರುವ ಸರಿಯಾದ ದಾರಿ ವಿಮೆ. 2021ರ ಏಪ್ರಿಲ್ 1ರಿಂದ ಬಂದಿರುವ ‘ಭಾರತ ಗೃಹ ರಕ್ಷಾ’ ಪಾಲಿಸಿಯು ಬಿರುಗಾಳಿ, ಸಿಡಿಲು, ಪ್ರವಾಹಗಳನ್ನು ಒಳಗೊಳ್ಳುತ್ತದೆ. ಐದು ಕೋಟಿವರೆಗಿನ ಆಸ್ತಿಯುಳ್ಳ ಅಂಗಡಿ-ಕಾರ್ಖಾನೆಗಳಿಗೆ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಇದೆ.

ಏನು ಮಾಡಬಹುದು?

ಈ ಲೇಖಕನ ಅಭಿಪ್ರಾಯದಲ್ಲಿ ಹಂಚಿಕೆ ಹೀಗಿರುವುದು ಯುಕ್ತ. ಡಿಶ್ ಕೂಡಿಸಿದ ಮೇಲೆ ಬರುವ ಮೊದಲ ಮಳೆಗಾಲ ಮುಗಿಯುವವರೆಗೆ, ಸಾಮಾನ್ಯ ಗಾಳಿ-ಮಳೆಗೆ ಅದು ಸರಿದರೆ ಅಥವಾ ಬಿದ್ದರೆ, ಕೂಡಿಸಿದವನೇ ಉಚಿತವಾಗಿ ಸರಿಪಡಿಸಬೇಕು. ಬಿಡಿಭಾಗದ ದೋಷವನ್ನು ವ್ಯಾಪಾರಿ ಮೊದಲು ತಾನೇ ನೀಗಿಸಿ, ವೆಚ್ಚವನ್ನು ಸರಬರಾಜುದಾರನಿಂದ ವಸೂಲು ಮಾಡಿಕೊಳ್ಳಬೇಕು. ಸಿಡಿಲು, ಪ್ರವಾಹ, ಮರ ಬೀಳುವಿಕೆ, ಮನೆಯವರ ಕೈವಾಡ ಇವು ಮಾಲೀಕನ ಲೆಕ್ಕಕ್ಕೆ ಸೇರಬೇಕು.

ಇದು ದುಬಾರಿಯೆಂದು ಗಾಬರಿಯಾಗಬೇಕಿಲ್ಲ. ಉದಾಹರಣೆಗೆ, ನೂರು ಡಿಶ್‌ಗಳಲ್ಲಿ ಐದು ಕೆಟ್ಟು, ಪ್ರತಿಯೊಂದರ ದುರಸ್ತಿಗೆ 400 ರೂಪಾಯಿ ತಗುಲಿತೆಂದು ಭಾವಿಸೋಣ. ಒಟ್ಟು 2,000 ರೂಪಾಯಿ. ನೂರಕ್ಕೆ ಹಂಚಿದರೆ ಡಿಶ್ ಒಂದಕ್ಕೆ 20 ರೂಪಾಯಿ. ಕೂಡಿಸುವ ದರದಲ್ಲಿ ಈ 20 ರೂಪಾಯಿಯನ್ನು ಬಹಿರಂಗವಾಗಿ ಸೇರಿಸಿ ಹೇಳಿದರೆ ಯಾವ ಗಿರಾಕಿಯೂ ಬೇಡವೆನ್ನಲಾರ. ಅದೇ 400 ರೂಪಾಯಿಯನ್ನು ಡಿಶ್ ಬಿದ್ದ ದಿನ ಕೇಳಿದರೆ ಜಗಳವಾಗುತ್ತದೆ.

ಇದರ ಜೊತೆಗೆ ಕೆಲವು ಸರಳ ರೂಢಿಗಳು ಬೆಳೆಯಬೇಕು. ಬಿಲ್ಲಿನಲ್ಲಿ ಸರಕಿನ ಬೆಲೆ ಬೇರೆ, ಕೂಡಿಸುವ ದರ ಬೇರೆ ಬರೆಯಬೇಕು. ಎಲ್ಲಿ, ಯಾವ ಗೋಡೆಗೆ, ಎಷ್ಟು ಬೋಲ್ಟುಗಳಿಂದ ಕೂಡಿಸಲಾಯಿತೆಂಬ ಚೀಟಿಗೆ ಉಭಯತರೂ ಸಹಿ ಹಾಕಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಯಾರು ಬಿಚ್ಚಿದರೆಂಬ ವಾದಕ್ಕೆ ಎಡೆಯಿರದು. ಗಟ್ಟಿಯಿಲ್ಲದ ಮಾಳಿಗೆ ಅಥವಾ ತಗಡಿನ ಮನೆಯಲ್ಲಿ, ಕಂಬವನ್ನು ನೆಲದಲ್ಲಿ ಹೂಳಿ ಕಾಂಕ್ರೀಟ್ ಹಾಕುವಂತೆ ಸಲಹೆ ನೀಡಬೇಕು. ಗ್ರಾಹಕ ಒಪ್ಪದಿದ್ದರೆ ಅದನ್ನೂ ಚೀಟಿಯಲ್ಲಿ ನಮೂದಿಸಬೇಕು.

ಒಬ್ಬ ಅಂಗಡಿಕಾರ ಇದನ್ನು ಪಾಲಿಸಿ, ಎದುರಿನವನು ಪಾಲಿಸದೆ ನೂರು ರೂಪಾಯಿ ಕಡಿಮೆಗೆ ಮಾರಿದರೆ ಪ್ರಾಮಾಣಿಕನಿಗೇ ನಷ್ಟ. ಆದುದರಿಂದ ಇದು ವ್ಯಕ್ತಿಗಳಿಂದಾಗುವ ಕಾರ್ಯವಲ್ಲ, ಸಂಘಟನೆಯ ಕಾರ್ಯ. ನಾಲ್ಕೂ ತಾಲ್ಲೂಕುಗಳ ಎಲೆಕ್ಟ್ರಾನಿಕ್ಸ್ ವ್ಯಾಪಾರಿಗಳು ಒಂದೆಡೆ ಸೇರಿ ಸಮಾನ ನಮೂನೆಯ ಚೀಟಿ, ಸಮಾನ ಅವಧಿಯ ಭರವಸೆಗಳನ್ನು ನಿಗದಿಪಡಿಸಿಕೊಳ್ಳಬೇಕು. ಕೂಡಿಸುವ ಹುಡುಗರಿಗೆ ಒಂದು ದಿನದ ತರಬೇತಿಯನ್ನು ಏರ್ಪಡಿಸಲು ವಾಣಿಜ್ಯ ಸಂಸ್ಥೆಯೂ ಮುಂದಾಗಬೇಕು. ದರದಲ್ಲಿ ಪೈಪೋಟಿ ಇರಲಿ, ಬೋಲ್ಟಿನ ಬಿಗಿಯಲ್ಲಿ ಬೇಡ.

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆ ರೈತನ ಕಣಕ್ಕೆ ಸಲ್ಲುತ್ತದೆ. ವ್ಯಾಪಾರಿಗೆ ಸಲ್ಲುವುದು ಗಾಳಿ ಬರುವ ಮೊದಲೇ ಬಿಗಿದುಕೊಳ್ಳುವ ವಿವೇಕ. ಮುಂದಿನ ಏಪ್ರಿಲ್‌ನ ಮೊದಲ ಗುಡುಗು ಕೇಳಿಸುವುದರೊಳಗೆ ಈ ಕುರಿತು ನಮ್ಮಲ್ಲಿ ಒಂದು ನಿರ್ಣಯ ಆಗಲಿ.