ಆ್ಯಪ್ ಮಾಡುವ ಕೈಗಳಿವೆ, ಊರಿನ ಮಾಹಿತಿ ಎಲ್ಲಿದೆ?

ಹೋದ ಬೇಸಿಗೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಸಣ್ಣ ಆ್ಯಪ್ ಮಾಡಲು ಹೊರಟೆವು. ದೊಡ್ಡ ಆಸೆಯೇನಲ್ಲ. ನಮ್ಮ ಹೋಬಳಿಯಲ್ಲಿ ನಿನ್ನೆ ಎಷ್ಟು ಮಳೆಯಾಯಿತು, ಹತ್ತಿರದ ಮಾರುಕಟ್ಟೆಗಳಲ್ಲಿ ಯಾವ ಮಾಲಿಗೆ ಎಷ್ಟು ರೇಟು, ಊರಿಗೆ ಬಸ್ಸು ಎಷ್ಟು ಹೊತ್ತಿಗೆ. ಈ ಮೂರೇ ಸಂಗತಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಕನ್ನಡಕ ಮನೆಯಲ್ಲೇ ಮರೆತು ಹೊಲಕ್ಕೆ ಹೋದ ಅಪ್ಪನಿಗೂ ಕಾಣಬೇಕು ಅನ್ನುವುದಷ್ಟೇ ನಮ್ಮ ಗುರಿ.

ಆ್ಯಪ್‌ನ ಹೊರಮೈ ಎರಡು ವಾರದಲ್ಲಿ ಸಿದ್ಧವಾಯಿತು. ಒಳಗೆ ತುಂಬಬೇಕಾದ ಮಾಹಿತಿಗಾಗಿ ಮೂರು ತಿಂಗಳು ಅಲೆದೆವು. ಇವತ್ತಿಗೂ ಅದು ಅರ್ಧಕ್ಕೇ ನಿಂತಿದೆ.

ಈ ಅಲೆದಾಟದಿಂದ ನಮಗೆ ಒಂದು ಮಾತು ಗಟ್ಟಿಯಾಗಿದೆ. ಹಳ್ಳಿಯ ಹುಡುಗ ಹುಡುಗಿಯರಿಗೆ ಆ್ಯಪ್ ಮಾಡಲು ಬರುವುದಿಲ್ಲ ಅನ್ನುವುದು ಸುಳ್ಳು. ಸಾಧನಗಳಿಗೂ ಬರವಿಲ್ಲ. ಬರ ಇರುವುದು ಮಾಹಿತಿಗೆ. ಅದೂ ನಮ್ಮ ಊರಲ್ಲೇ ಅಳೆದು, ನಮ್ಮ ತೆರಿಗೆ ದುಡ್ಡಿನಲ್ಲೇ ಬರೆದಿಟ್ಟ ಮಾಹಿತಿಗೆ.

ಗಿರಣಿ ಪುಕ್ಕಟೆ ಸಿಗುತ್ತದೆ

ಆ್ಯಪ್ ಅಂದರೆ ಹಿಟ್ಟಿನ ಗಿರಣಿ ಇದ್ದಂತೆ. ಕಾಳು ಹಾಕಿದರೆ ಹಿಟ್ಟು ಬರುತ್ತದೆ. ಗಿರಣಿ ಕಟ್ಟುವುದು ಈಗ ಅಂಥ ಕಷ್ಟವಲ್ಲ. ಆಂಡ್ರಾಯ್ಡ್ ಸ್ಟುಡಿಯೋಗೆ ದುಡ್ಡು ಕೊಡಬೇಕಾಗಿಲ್ಲ. ಫ್ಲಟರ್‌ಗೂ ಇಲ್ಲ. ಕೋಡ್ ಬರೆಯಲು ಬಾರದವರಿಗೆ ಅಮೆರಿಕದ ಎಂಐಟಿಯ ಆ್ಯಪ್ ಇನ್ವೆಂಟರ್ ಇದೆ. ಮಕ್ಕಳು ಆಟದ ತುಂಡುಗಳನ್ನು ಜೋಡಿಸುವ ಹಾಗೆ ಪರದೆಯ ಮೇಲೆ ತುಂಡುಗಳನ್ನು ಜೋಡಿಸುತ್ತಾ ಹೋದರೆ ಸಾಧಾರಣ ಆ್ಯಪ್ ಒಂದು ಎದ್ದು ನಿಲ್ಲುತ್ತದೆ. ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲೇ ಇದನ್ನು ಕಲಿಯಬಹುದು.

ಪ್ಲೇ ಸ್ಟೋರ್‌ಗೆ ಹಾಕಲು ಒಂದೇ ಸಲ 25 ಡಾಲರ್ ಶುಲ್ಕ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಮೊದಲು 12 ಜನರಿಂದ ಬಿಡದೆ 14 ದಿನ ಆ್ಯಪ್ ಪರೀಕ್ಷೆ ಮಾಡಿಸಬೇಕು ಅನ್ನುವ ನಿಯಮವೂ ಇದೆ. ಪೇಟೆಯಲ್ಲಿ ಒಬ್ಬನೇ ರೂಮು ಮಾಡಿಕೊಂಡಿರುವ ಹುಡುಗನಿಗೆ ಆ 12 ಜನರನ್ನು ಹುಡುಕುವುದೇ ಕಷ್ಟ. ನಮಗೆ ಅರಳಿಕಟ್ಟೆಯ ಮೇಲೆ ಒಂದೇ ಸಂಜೆಯಲ್ಲಿ ಸಿಕ್ಕರು.

ಕಾಳು ಎಲ್ಲೆಲ್ಲಿದೆ?

ಏನೂ ಇಲ್ಲ ಅಂದರೆ ತಪ್ಪಾಗುತ್ತದೆ. ಹುಡುಕುವವರಿಗೆ ಅನುಕೂಲವಾಗಲಿ ಎಂದು ನಾವು ಕಂಡದ್ದನ್ನು ಇಲ್ಲಿ ಹೇಳುತ್ತೇವೆ.

ಮಾರುಕಟ್ಟೆ ದರಕ್ಕೆ ಕೇಂದ್ರದ ಆಗ್‌ಮಾರ್ಕ್‌ನೆಟ್ ಇದೆ, ನಮ್ಮ ರಾಜ್ಯದ ಕೃಷಿ ಮಾರಾಟವಾಹಿನಿ ಇದೆ. ಕೇಂದ್ರ ಸರ್ಕಾರ 2012ರಲ್ಲಿ ಶುರು ಮಾಡಿದ ಮುಕ್ತ ದತ್ತಾಂಶ ತಾಣದಲ್ಲಿ ಹೆಸರು ನೋಂದಾಯಿಸಿದರೆ ಒಂದು ಕೀಲಿ ಸಂಖ್ಯೆ ಕೊಡುತ್ತಾರೆ. ಅದನ್ನು ಆ್ಯಪ್‌ಗೆ ಸೇರಿಸಿದರೆ ದೇಶದ ಮಂಡಿಗಳ ದಿನದ ದರವನ್ನು ಆ್ಯಪ್ ತಾನೇ ಓದಿಕೊಳ್ಳುತ್ತದೆ. ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಆ್ಯಪ್ ಮಾಡುವವರು ಗರಿಷ್ಠ ದರವನ್ನು ದೊಡ್ಡದಾಗಿ ತೋರಿಸಿ ರೈತರಲ್ಲಿ ಸುಮ್ಮನೆ ಆಸೆ ಹುಟ್ಟಿಸಬಾರದು. ಹೆಚ್ಚಿನ ಮಾಲು ಬಿಕರಿಯಾಗಿದ್ದು ಮಾದರಿ ದರಕ್ಕೆ. ಯಾವ ದಿನದ ದರ ಅನ್ನುವುದನ್ನೂ ಜೊತೆಗೇ ತೋರಿಸಬೇಕು.

ಮಳೆಯ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿದೆ. ನಿಮ್ಮ ಪಂಚಾಯಿತಿ ಕಚೇರಿ ಆವರಣದಲ್ಲೋ ಶಾಲೆಯ ಬಳಿಯೋ ಬೇಲಿಯೊಳಗೆ ಒಂದು ಕಂಬ, ಸೌರ ಫಲಕ ಕಂಡಿರಬಹುದು. ಅದು ಬಿದ್ದ ಮಳೆಯನ್ನು ತಾನೇ ಅಳೆದು ಬೆಂಗಳೂರಿಗೆ ಕಳಿಸುತ್ತದೆ.

ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಕೊಡುಗೆದಾರರ ಹೆಸರು ಹೇಳಬೇಕು, ಅಷ್ಟೇ. ಪದಕೋಶ ಬೇಕಿದ್ದರೆ ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಮಾಡಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಒಂದೂವರೆ ಲಕ್ಷ ಪದಗಳಿವೆ. ಅನುವಾದಕ್ಕೆ, ಮಾತನ್ನು ಅಕ್ಷರಕ್ಕೆ ಇಳಿಸುವುದಕ್ಕೆ ಕೇಂದ್ರದ ಭಾಷಿಣಿ ಯೋಜನೆಯಿದೆ.

ಹುಡುಕುವಾಗ ಒಂದು ಎಚ್ಚರ ಬೇಕು. ಹೊಸಹಳ್ಳಿ ಅನ್ನುವ ಊರು ನಮ್ಮ ರಾಜ್ಯದಲ್ಲಿ ಎಷ್ಟಿಲ್ಲ! ಇಂಗ್ಲಿಷಿನಲ್ಲಿ ಒಂದೇ ಊರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಹೆಸರು ನೆಚ್ಚಿದರೆ ಬೇರೆ ಊರಿನ ಮಳೆ ನಮ್ಮ ಊರಿನ ಲೆಕ್ಕಕ್ಕೆ ಬೀಳುತ್ತದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಪಂಚಾಯಿತಿಗೂ ಪ್ರತಿ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ಅದನ್ನು ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ.

ಎಡವಿದ್ದು ಎಲ್ಲಿ?

ನಮ್ಮ ಹೋಬಳಿಯ ಹತ್ತು ವರ್ಷದ ಮಳೆ ಲೆಕ್ಕ ಬೇಕೆಂದು ಒಂದು ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಒಳ್ಳೆಯವರು. 'ತಗೊಳ್ರಪ್ಪಾ' ಎಂದು ಪಿಡಿಎಫ್ ಕಳಿಸಿದರು. ತೆರೆದು ನೋಡಿದರೆ ಕಾಗದವನ್ನು ಸ್ಕ್ಯಾನ್ ಮಾಡಿದ ಚಿತ್ರಗಳು. ಮನುಷ್ಯ ಕಣ್ಣು ಕಿರಿದು ಮಾಡಿ ಓದಬಹುದು, ಆ್ಯಪ್‌ಗೆ ಆಗದು. ಇನ್ನೊಂದು ಕಡೆ ಕಡತ ಸಿಕ್ಕಿತು, ಆದರೆ ಅದು ಹಳೆಯ ನುಡಿ ಅಕ್ಷರದಲ್ಲಿ ಟೈಪಾಗಿತ್ತು. ಅಲ್ಲಿಂದ ನಕಲು ಮಾಡಿ ನಮ್ಮ ಆ್ಯಪ್‌ಗೆ ಅಂಟಿಸಿದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಬಂತು. ಈಗ ಎಲ್ಲ ಫೋನುಗಳೂ ಓದುವುದು ಯೂನಿಕೋಡ್ ಕನ್ನಡವನ್ನು. ನುಡಿ ತಂತ್ರಾಂಶದಲ್ಲೂ ಯೂನಿಕೋಡ್ ಬಂದು ವರ್ಷಗಳಾದವು. ಬದಲಾಗಬೇಕಿರುವುದು ಟೈಪು ಮಾಡುವವರ ಅಭ್ಯಾಸ.

ಬಸ್ಸಿನ ವೇಳೆಯ ಕಥೆಯೇ ಬೇರೆ. ನಿಲ್ದಾಣದ ಗೋಡೆಯ ಬೋರ್ಡಿನ ಫೋಟೊ ತೆಗೆದು ಟೈಪು ಮಾಡಿದೆವು. ಟೀ ಅಂಗಡಿಯ ಅಣ್ಣ ಅದನ್ನು ನೋಡಿ ನಕ್ಕರು. ಅದರಲ್ಲಿದ್ದ ಎರಡು ಬಸ್ಸು ಈಗ ಬರುವುದೇ ಇಲ್ಲವಂತೆ. ಕೊನೆಗೆ ಅವರೂ, ಕಾಲೇಜಿಗೆ ಓಡಾಡುವ ಹುಡುಗಿಯರೂ ಕೂತು ಸರಿಯಾದ ವೇಳೆ ಬರೆಸಿದರು. ಆ್ಯಪ್‌ನಲ್ಲಿ ಈಗ ಪೂರ್ತಿಯಾಗಿರುವುದು ಅದೊಂದೇ ಪುಟ.

ಬಸ್ಸಿನ ವೇಳೆ ಬರೆದಿಡುವುದು ಸಣ್ಣ ಕೆಲಸ ಅನ್ನಿಸಬಹುದು. 2005ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಊರಿನ ಸಾರಿಗೆ ಸಂಸ್ಥೆ ತನ್ನ ವೇಳಾಪಟ್ಟಿಯನ್ನು ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಗೂಗಲ್‌ಗೆ ಕೊಟ್ಟಿತು. ಆಗ ಹುಟ್ಟಿದ ಕಡತದ ಮಾದರಿಯನ್ನೇ ಇಂದು ಲೋಕದ ನೂರಾರು ಊರುಗಳ ಬಸ್ಸು, ರೈಲಿನ ಆ್ಯಪ್‌ಗಳು ಬಳಸುತ್ತಿವೆ. ಒಂದು ಕಚೇರಿ ಮನಸ್ಸು ಮಾಡಿದ್ದರಿಂದ ಇಷ್ಟಾಯಿತು.

ಕೇಳುವುದು ಬೇಡುವುದಲ್ಲ

'ಸರ್ಕಾರದ್ದೇ ಆ್ಯಪ್‌ಗಳಿವೆಯಲ್ಲ, ನಿಮ್ಮದ್ಯಾಕೆ?' ಎಂದು ಹಲವರು ಕೇಳಿದರು. ಇವೆ, ಇರಲಿ. ಆದರೆ ಮಳೆ ಒಂದರಲ್ಲಿ, ದರ ಇನ್ನೊಂದರಲ್ಲಿ, ಪಹಣಿ ಮತ್ತೊಂದರಲ್ಲಿ. ನಮ್ಮ ಹೋಬಳಿಯಲ್ಲಿ ಯಾವ ಬೆಳೆ, ಯಾವ ಸಂತೆ, ಯಾವ ದಾರಿ ಅನ್ನುವುದು ನಮಗೆ ಗೊತ್ತಿರುವಷ್ಟು ರಾಜಧಾನಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಮಾಹಿತಿ ಬಿಟ್ಟುಕೊಟ್ಟರೆ ಊರಿಗೆ ಬೇಕಾದ್ದನ್ನು ಊರಿನವರೇ ಹೊಂದಿಸಿಕೊಳ್ಳುತ್ತಾರೆ.

ಕಾನೂನು ನಮ್ಮ ಕಡೆಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ಎಷ್ಟೋ ವಿವರಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಅದನ್ನು ನೆಚ್ಚಿ 2019ರಲ್ಲಿ ರಾಜಸ್ಥಾನ 'ಜನ ಸೂಚನಾ' ತಾಣ ತೆರೆಯಿತು. 2021ರಲ್ಲಿ ನಮ್ಮ ರಾಜ್ಯದ 'ಮಾಹಿತಿ ಕಣಜ' ಬಂತು. ಕಾಯ್ದೆಯ 2(ಜೆ) ಭಾಗದಲ್ಲಿ ಮಾಹಿತಿಯನ್ನು ಫ್ಲಾಪಿಯಲ್ಲಿ, ಟೇಪಿನಲ್ಲಿ, ವಿದ್ಯುನ್ಮಾನ ರೂಪದಲ್ಲಿ ಪಡೆಯುವ ಹಕ್ಕಿನ ಮಾತೂ ಇದೆ. ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡಬೇಕು ಎಂದು 7ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಅರ್ಜಿಯಲ್ಲಿ 'ಎಕ್ಸೆಲ್ ಕಡತವಾಗಿ ಕೊಡಿ' ಎಂದು ಸ್ಪಷ್ಟವಾಗಿ ಬರೆಯಿರಿ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ.

ಹಾಗಂತ ಎಲ್ಲವನ್ನೂ ಬಿಚ್ಚಿಡಿ ಎಂದು ನಾವು ಹೇಳುತ್ತಿಲ್ಲ. ಮಳೆ, ದರ, ಬಸ್ಸು, ಕೆರೆಯ ನೀರು ಊರಿನ ಸೊತ್ತು. ಆಧಾರ್ ಸಂಖ್ಯೆ, ಫೋನ್ ನಂಬರು, ಯಾರಿಗೆ ಯಾವ ಕಾಯಿಲೆ, ಯಾರ ಸಾಲ ಎಷ್ಟು ಅನ್ನುವುದು ಆಯಾ ಮನೆಯ ಸೊತ್ತು. ಬರೀ ಟೊಮೆಟೊ ರೇಟು ಹೇಳುವ ಆ್ಯಪ್ ನಿಮ್ಮ ಫೋನಿನ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿದರೆ ಕೊಡಬೇಡಿ. ನಮ್ಮ ಆ್ಯಪ್ ಕೇಳಿದರೂ ಕೊಡಬೇಡಿ.

2024ರ ಮಾರ್ಚ್ 11ರಂದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಕುಸಿಯಿತೆಂದು ರೈತರ ಸಿಟ್ಟು ಸಿಡಿದು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಒಂದು ಆ್ಯಪ್ ಇದ್ದಿದ್ದರೆ ಅದು ತಪ್ಪುತ್ತಿತ್ತು ಎನ್ನುವಷ್ಟು ಮುಗ್ಧರಲ್ಲ ನಾವು. ಆದರೆ ದೂರದಿಂದ ಬಾಡಿಗೆ ಕೊಟ್ಟು ಲಾರಿ ತುಂಬಿಸಿ ಬಂದವನಿಗೆ ಚೀಲ ಇಳಿಸಿದ ಮೇಲೆ ದರ ಗೊತ್ತಾಗುವುದಕ್ಕೂ, ಮನೆಯಲ್ಲಿರುವಾಗಲೇ ಮಾರುಕಟ್ಟೆಯ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಒಂದು ವರ್ಷದ ದುಡಿಮೆಯದು.

ನಿಮ್ಮಿಂದ ನಮಗೆ ಬೇಕಾದ್ದು ಎರಡೇ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, 'ನಮ್ಮ ಪಂಚಾಯಿತಿಯ ಮಳೆ ಲೆಕ್ಕ, ಕೊಳವೆಬಾವಿ ಲೆಕ್ಕ, ಕಾಮಗಾರಿ ಲೆಕ್ಕ ಯೂನಿಕೋಡ್ ಕನ್ನಡದಲ್ಲಿ, ಎಕ್ಸೆಲ್ ಕಡತದಲ್ಲಿ ಪ್ರಕಟಿಸಿ' ಎಂದು ಪಿಡಿಒ ಅವರಲ್ಲಿ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಎರಡನೆಯದು, ನಿಮ್ಮ ಊರಿನ ಕೆರೆ, ಬಸ್ ನಿಲ್ದಾಣ, ಶಾಲೆ, ಪಶು ಆಸ್ಪತ್ರೆಯ ಹೆಸರನ್ನು ಮುಕ್ತ ನಕ್ಷೆಯಲ್ಲಿ ಕನ್ನಡದಲ್ಲೇ ಸೇರಿಸಿ. ಫೋನಿನಲ್ಲೇ ಆಗುವ ಕೆಲಸ, ಮನೆಯ ಮಕ್ಕಳಿಗೆ ಹೇಳಿದರೂ ಸಾಕು.

ಗಿರಣಿ ನಾವು ತಿರುಗಿಸುತ್ತೇವೆ. ಕಾಳು ಊರಿನದು, ಊರೇ ಕೇಳಿ ತರಬೇಕು.